ಕೊನೆಯ ಸಾಲಿಗೆ ಕಾಣುವ ಕಲ್ಲು

ನಾನು ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಪೇಂಟಿಂಗ್ ಓದಿದವಳು. 1964ರಲ್ಲಿ ಶುರುವಾದ ಕಾಲೇಜು ಅದು, ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮೂರನೇ ವರ್ಷದಲ್ಲಿದ್ದಾಗ ನಾವು ಗೆಳೆಯರೆಲ್ಲ ಸೇರಿ ಒನಕೆ ಓಬವ್ವನ ಮೇಲೆ 40 ನಿಮಿಷದ ನಾಟಕ ಆಡಿದೆವು. ಬರೆದದ್ದು ನಮ್ಮ ಸೀನಿಯರ್ ಒಬ್ಬರು. ಸೆಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನಾನು ರಂಗದ ಮೇಲೆ ಒಂದು ಸ್ಟೂಲನ್ನೂ ಇಟ್ಟವಳಲ್ಲ. ಚಿತ್ರ ಬರೆಯಲು ಬಂದರೆ ಸೆಟ್ ಬರೆಯಲೂ ಬರುತ್ತದೆ, ಅಲ್ವಾ? ನಾನು ಹಾಗೇ ನಂಬಿದ್ದೆ.

ನಮ್ಮ ಕಣ್ಣು ತಯಾರಾದದ್ದೇ ಬೇರೆ ರೀತಿಯಲ್ಲಿ. ಮೊದಲ ವರ್ಷ ಪೂರ್ತಿ ಸ್ಕೆಚ್, ಸ್ಕೆಚ್, ಸ್ಕೆಚ್. ಬೆಳಿಗ್ಗೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಗಂಟುಮೂಟೆ ಮೇಲೆ ಮಲಗಿದವರನ್ನು ಬರೆಯುತ್ತಿದ್ದೆವು. ಮಂಡಕ್ಕಿ ಭಟ್ಟಿಗಳ ಹತ್ತಿರ ಹೋದರೆ ಹೊಗೆ, ಬಿಸಿ, ಮರಳಿನಲ್ಲಿ ಅರಳುವ ಅಕ್ಕಿ. ಅಲ್ಲಿ ಕೆಲಸ ಮಾಡುವವರ ಕೈ ನಿಲ್ಲುವುದೇ ಇಲ್ಲ. ಆ ಕೈಯನ್ನು ಹಿಡಿಯಲು ಹಾಳೆಗಟ್ಟಲೆ ಬರೆದಿದ್ದೇನೆ. ಸಂಜೆ ಹಾಸ್ಟೆಲ್ಲಿನಲ್ಲಿ ಮಂಡಕ್ಕಿ ಮಿರ್ಚಿ ಮಧ್ಯೆ ಇಟ್ಟುಕೊಂಡು ಒಬ್ಬರ ಪುಸ್ತಕ ಒಬ್ಬರು ನೋಡುತ್ತಿದ್ದೆವು. ಎಲ್ಲ ಹತ್ತಿರದಿಂದ, ಒಂದು ಮೊಳ ದೂರದಿಂದ. ನಾಟಕ ನೋಡುವವನು ಕೂರುವುದು 60 ಅಡಿ ದೂರದಲ್ಲಿ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೊದಲು ಮಾಡಿದ ಕೆಲಸ ಚಿತ್ರದುರ್ಗಕ್ಕೆ ಹೋಗಿದ್ದು. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್. ಬೆಳಗಿನ ಬಸ್ಸು ಹಿಡಿದು ನಾಲ್ಕು ಜನ ಹೋದೆವು. ಓಬವ್ವನ ಕಿಂಡಿಯನ್ನು ಚಿಕ್ಕವಳಿದ್ದಾಗ ಶಾಲೆ ಪ್ರವಾಸದಲ್ಲಿ ನೋಡಿದ್ದೆ. ಆಗ ಕಥೆ ಕೇಳಿದ್ದಷ್ಟೇ ನೆನಪು. ಈ ಸಲ ಅಳತೆ ನೋಡಲು ಹೋಗಿದ್ದೆ. ಒಬ್ಬ ಮನುಷ್ಯ ನೆಟ್ಟಗೆ ನಡೆದು ಬರಲು ಆಗದ ಸಂದು. ಬಗ್ಗಬೇಕು, ಮೈ ಸಣ್ಣ ಮಾಡಿಕೊಳ್ಳಬೇಕು, ತಲೆ ಮುಂದೆ ಬರಬೇಕು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿಯೇ ಬರಬೇಕಾಯಿತು ಅನ್ನುವುದು ಅಲ್ಲಿ ನಿಂತರೆ ಅರ್ಥವಾಗುತ್ತದೆ. ಹತ್ತಿರದಲ್ಲೇ ತಣ್ಣೀರು ದೋಣಿ ಇದೆ. ಗಂಡ ಊಟಕ್ಕೆ ಕೂತಾಗ ಓಬವ್ವ ನೀರಿಗೆ ಬಂದಳು ಅನ್ನುತ್ತಾರಲ್ಲ, ಅದು. ಅಂದರೆ ನಮ್ಮ ನಾಟಕದ ಹೊತ್ತು ನಡು ಮಧ್ಯಾಹ್ನ. ಸೆಟ್ಟಿಗೂ ಲೈಟಿಗೂ ಇದು ಬಹಳ ಮುಖ್ಯವಾದ ಮಾತು. ಸುಮ್ನೆ ರಾತ್ರಿ ಸೀನು ಮಾಡಿ ನೀಲಿ ದೀಪ ಹಾಕಬೇಕು ಎಂದು ಕೆಲವರು ಹೇಳುತ್ತಿದ್ದರು. ಮಧ್ಯಾಹ್ನವೇ ಇರಲಿ ಎಂದು ನಾನು ಹಟ ಹಿಡಿದೆ. ಉಣ್ಣುವ ಹೊತ್ತಿನಲ್ಲಿ, ಹಾಡಹಗಲಲ್ಲಿ ನಡೆದದ್ದಕ್ಕೇ ಆ ಕಥೆಗೆ ಅಷ್ಟು ಬಲ.

ಕೋಟೆಯಲ್ಲಿ ಇಡೀ ದಿನ ಕೂತು ಕಲ್ಲಿನ ಬಣ್ಣ ನೋಡಿದೆ. ಬೆಳಿಗ್ಗೆ ಬಂಡೆಗಳಲ್ಲಿ ನಸುಗೆಂಪು ಇತ್ತು. ಮಧ್ಯಾಹ್ನ ಎಲ್ಲ ಬಿಳಿಚಿಕೊಂಡಿತು. ಸಂಜೆ ನೆರಳಿನ ಕಡೆ ನೀಲಿಗೆ ತಿರುಗಿತು. ಮಳೆನೀರು ಇಳಿದ ಕಡೆ ಕಪ್ಪು ಪಟ್ಟೆ. ಅಲ್ಲಲ್ಲಿ ಹಸಿರು ಬೂದಿ ಮಿಶ್ರದ ಕಲ್ಲುಹೂವು. 12 ಹಾಳೆ ಜಲವರ್ಣದಲ್ಲಿ ಬರೆದುಕೊಂಡು ಬಂದೆ.

ಆಮೇಲೆ ನಿಜವಾದ ಸಮಸ್ಯೆ. ಕಿಂಡಿಯನ್ನು ರಂಗದ ಮೇಲೆ ಹೇಗೆ ತೋರಿಸುವುದು? ಎಲ್ಲರಿಗೂ ಮೊದಲು ಹೊಳೆಯುವುದು ಹಿಂದೆ ಒಂದು ಗೋಡೆ, ನಡುವೆ ಒಂದು ತೂತು. ಹಾಗೆ ಮಾಡಿದರೆ ಸೈನಿಕ ತೂತಿನಿಂದ ನೋಡುಗರ ಕಡೆಗೆ ಬರುತ್ತಾನೆ. ಓಬವ್ವ ಅವನ ಎದುರು ನಿಂತರೆ ನಮಗೆ ಅವಳ ಬೆನ್ನು. ಪಕ್ಕಕ್ಕೆ ನಿಂತರೂ ಹೊರಗೆ ಕಾಯುವ ಸೈನಿಕರು ಕಾಣುವುದೇ ಇಲ್ಲ. ಅವರ ಅವಸರ, ಇವಳ ಕಾಯುವಿಕೆ, ಎರಡೂ ಒಟ್ಟಿಗೆ ಕಾಣದಿದ್ದರೆ ಆ ದೃಶ್ಯ ಮಾಡಿ ಏನು ಪ್ರಯೋಜನ?

ಇದಕ್ಕೆ ದಾರಿ ಸಿಕ್ಕಿದ್ದು ಸಾಣೇಹಳ್ಳಿಯಲ್ಲಿ. ಹೊಸದುರ್ಗ ತಾಲೂಕಿನ ಆ ಊರಲ್ಲಿ ನವೆಂಬರ್ ತಿಂಗಳಲ್ಲಿ ನಾಟಕೋತ್ಸವ ನಡೆಯುತ್ತದೆ. ಅಲ್ಲಿಯ ಶಿವಸಂಚಾರ ತಂಡ 1997ರಿಂದ ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುತ್ತಿದೆ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನಾಟಕ ನೋಡುವಾಗ ನಾನು ನಟರನ್ನು ಬಿಟ್ಟು ಸಾಮಾನುಗಳನ್ನೇ ನೋಡುತ್ತಿದ್ದೆ. ಊರಿಂದೂರಿಗೆ ಸಾಗಿಸುವ ಸೆಟ್ಟಿನಲ್ಲಿ ಬೇಡದ ಒಂದು ಕೋಲೂ ಇರುವುದಿಲ್ಲ. ಒಂದು ಅಡ್ಡ ತಡೆ ಇಟ್ಟರೆ ಅದರ ಎರಡೂ ಬದಿ ಎರಡು ಜಾಗ ಆಗಿಬಿಡುತ್ತಿತ್ತು. ಕೂತಲ್ಲೇ ಸ್ಕೆಚ್ ಪುಸ್ತಕ ತೆಗೆದು ನನ್ನ ಕೋಟೆ ಗೋಡೆಯನ್ನು ತಿರುಗಿಸಿದೆ. ಗೋಡೆ ನೋಡುಗರಿಗೆ ಎದುರಾಗಿ ಬೇಡ, ಅಂಚು ಕಾಣುವ ಹಾಗೆ ನಿಲ್ಲಲಿ. ಎಡಗಡೆ ಹೊರಗು, ಬಲಗಡೆ ಒಳಗು. ಸೈನಿಕ ಎಡದಿಂದ ತೆವಳಿ ಬಲಕ್ಕೆ ಬರುತ್ತಾನೆ. ಓಬವ್ವ ಬಲಗಡೆ ಒನಕೆ ಹಿಡಿದು ನಿಂತಿರುತ್ತಾಳೆ. ಎರಡು ಕಡೆಯೂ ಕೊನೆಯ ಸಾಲಿನವರೆಗೆ ಕಾಣುತ್ತದೆ. ಗೋಡೆಯನ್ನು ಬರೀ ಅಂಚು ಕಾಣುವ ಹಾಗೆ ಇಡದೆ ಸ್ವಲ್ಪ ಓರೆ ಮಾಡಿದರೆ ಕಲ್ಲಿನ ಮುಖವೂ ಕಾಣುತ್ತದೆ.

ಇನ್ನೊಂದು ಲಾಭವೂ ಆಯಿತು. ನಮ್ಮಲ್ಲಿ ಸೈನಿಕರಾಗಲು ಇದ್ದದ್ದು ಮೂರೇ ಹುಡುಗರು. ಸತ್ತವನನ್ನು ಎಳೆದು ಬಂಡೆಯ ಮರೆಗೆ ಹಾಕಿದ ಕೂಡಲೇ ಅವನು ಎದ್ದು ಹಿಂದಿನಿಂದ ಓಡಿ ಎಡಗಡೆಗೆ ಬಂದು ಮತ್ತೆ ತೆವಳಬೇಕು. ಮೂವರು ಸೇರಿ ಒಂಬತ್ತು ಸಲ ಬಂದರು. ಅದಕ್ಕಾಗಿ ಹಿಂದೆ ಎರಡೂವರೆ ಅಡಿ ದಾರಿ ಬಿಟ್ಟು, ಕತ್ತಲಲ್ಲಿ ಎಡವದಂತೆ ನೆಲಕ್ಕೆ ಬಿಳಿ ಟೇಪು ಹಚ್ಚಿದೆ.

ಕಟ್ಟಿದ್ದು ಹೀಗೆ. ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲದ ಆರು ಚೌಕಟ್ಟು. ಒಂದೂವರೆ ಇಂಚಿನ ಮರದ ರೀಪರು (ಪಟ್ಟಿ), ಮೂಲೆಗೆ ಪ್ಲೈವುಡ್ ತ್ರಿಕೋನ. ಪೂರ್ತಿ ಪ್ಲೈವುಡ್ ಹೊಡೆಯಬೇಡಿ. ಇಬ್ಬರು ಎತ್ತಲಾಗದ ಗೋಡೆ ನಾಟಕಕ್ಕೆ ಆಗುವುದಿಲ್ಲ. ಚೌಕಟ್ಟಿನ ಮೇಲೆ ಕೋರಾ ಬಟ್ಟೆ ಬಿಗಿದೆವು. ಉಬ್ಬು ಬೇಕಾದ ಕಡೆ ಹಳೇ ಗೋಣಿಚೀಲ ಮುದುರಿ, ಮೈದಾ ಅಂಟಿನಲ್ಲಿ ಅದ್ದಿ ಹಚ್ಚಿದೆವು. ಮೈದಾಕ್ಕೆ ಇಲಿ, ಜಿರಲೆ ಬರುತ್ತವೆ. ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಬೇಕು. ಅದು ವಿಷ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು, ಕೈ ಚೆನ್ನಾಗಿ ತೊಳೆಯಬೇಕು. ಅದರ ಮೇಲೆ ಸೀಮೆಸುಣ್ಣದ ಪುಡಿ, ಫೆವಿಕಾಲ್, ನೀರು ಕಲಸಿ ಒಂದು ಕೋಟು. ಕಿಂಡಿ ಇರುವ ಚೌಕಟ್ಟಿನಲ್ಲಿ ಮೊಳೆಯ ತುದಿಗಳನ್ನೆಲ್ಲ ಮಡಿಸಿ ಹೊಡೆದು ಮೇಲೆ ಬಟ್ಟೆ ಸುತ್ತಿದೆವು. ಮೊದಲ ರಿಹರ್ಸಲ್ಲಿನಲ್ಲಿ ಒಬ್ಬ ಹುಡುಗನ ಅಂಗಿ ಸಿಕ್ಕಿ ಹರಿದು ಬೆನ್ನು ಗೀರಿತ್ತು. ಅದು ನನ್ನ ತಪ್ಪು. ಅಂದಿನಿಂದ ಯಾವ ಸೆಟ್ ಆದರೂ ಬರಿಗೈಯಲ್ಲಿ ಒಂದು ಸುತ್ತು ಸವರಿ ನೋಡದೆ ಯಾರನ್ನೂ ಬಿಡುವುದಿಲ್ಲ.

ಬಣ್ಣಕ್ಕೆ ಎಂಟು ದಿನ ಹಿಡಿಯಿತು. ಜಲವರ್ಣದ ಹಾಳೆಗಳನ್ನು ಎದುರಿಗಿಟ್ಟುಕೊಂಡು ಬಂಡೆ ಬಂಡೆಗೂ ನೆರಳು, ಬಿರುಕು, ಕಲ್ಲುಹೂವು ಬಿಡಿಸಿದೆ. ಬಿರುಕುಗಳಿಗೆ ಕೆಂಪು ಮಿಶ್ರಿತ ಕಂದು, ಏಕೆಂದರೆ ಕೋಟೆಯಲ್ಲಿ ಹಾಗೇ ಕಂಡಿತ್ತು. ನೋಡಿದವರೆಲ್ಲ ಕಲ್ಲನ್ನೇ ತಂದಿಟ್ಟ ಹಾಗಿದೆ ಅಂದರು.

ನಾಟಕಕ್ಕೆ ಎರಡು ದಿನ ಇರುವಾಗ ಲೈಟ್ ರಿಹರ್ಸಲ್. ಹಾಲಿನ ಕೊನೆಯ ಸಾಲಿಗೆ ಹೋಗಿ ಕೂತೆ. ಹಳದಿ ದೀಪ ಬಂತು. ನನ್ನ ಕೋಟೆ ಒಂದು ದೊಡ್ಡ ಬೂದು ಬಟ್ಟೆಯಾಗಿ ಕಂಡಿತು. ಎಂಟು ದಿನ ಬಿಡಿಸಿದ್ದರಲ್ಲಿ ಒಂದು ಗೆರೆಯೂ ಅಲ್ಲಿಗೆ ತಲುಪಿರಲಿಲ್ಲ. ಒನಕೆ ಎತ್ತುವಾಗ ಕೆಂಪು ದೀಪ. ಆಗ ಬಿರುಕುಗಳು ಪೂರ್ತಿ ಮಾಯವಾದವು. ಬಂಡೆಗಳ ನಡುವೆ ಸಂದು ಎಲ್ಲಿದೆ ಎಂದೇ ತಿಳಿಯದ ಹಾಗೆ ಎಲ್ಲ ಒಂದೇ ಆಯಿತು. ನನಗೆ ಅಳು ಬಂತು.

ಲೈಟಿನವರ ಜೊತೆ ಒಬ್ಬ ಅಜ್ಜ ಬಂದಿದ್ದರು. ವಯಸ್ಸಿನಲ್ಲಿದ್ದಾಗ ನಾಟಕ ಕಂಪನಿಗಳಿಗೆ ಪರದೆ ಬರೆದವರು. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಇದೇ ಊರಿನವರು, ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ನಮ್ಮ ಮನೆಯ ಹಿರಿಯರ ಬಾಯಲ್ಲಿ ಈಗಲೂ ಇದೆ. ದುಗ್ಗಮ್ಮನ ಜಾತ್ರೆ ಹತ್ತಿರ ಬಂದರೆ ಬೀದಿ ಸೀನು, ಕಾಡು ಸೀನು, ದರ್ಬಾರ್ ಸೀನು ಬರೆಯಲು ರಾತ್ರಿ ನಿದ್ದೆಯೇ ಇರುತ್ತಿರಲಿಲ್ಲ ಎಂದು ಆಮೇಲೆ ಅಜ್ಜ ಹೇಳಿದರು. ಆಗ ನನ್ನ ಪಕ್ಕದ ಕುರ್ಚಿಗೆ ಬಂದು ಕೂತು ಕೇಳಿದರು.

‘ಬಿರುಕಿಗೆ ಯಾವ ಬಣ್ಣ ಹಾಕೀಯವ್ವಾ?’

‘ಕೆಂಪು ಕಂದು ಅಜ್ಜಾರೆ.’

‘ಕೆಂಪು ದೀಪದಾಗ ಕೆಂಪು ಬಣ್ಣ ಬೆಳ್ಳಗಾಗ್ತತಿ. ಹಸಿರು ಕರ್ರಗಾಗ್ತತಿ. ಬಿರುಕಿಗೆ ಹಸಿರು ಹಾಕು, ನೀಲಿ ಕೂಡಿಸು. ಇನ್ನ, ಕಲ್ಲಿಗೆ ಬೂದಿ ಬಣ್ಣ ಯಾಕ ಬಳದಿ? ಬೂದಿ ಬಣ್ಣ ನೋಡೋರ ಕಣ್ಣಾಗ ಆಗ್ಬೇಕು, ಡಬ್ಬಿಯಾಗಲ್ಲ.’

ಅವತ್ತು ರಾತ್ರಿ ಅಜ್ಜ ಹೇಳುತ್ತಾ ಹೋದರು, ನಾವು ಐದು ಜನ ಮಾಡುತ್ತಾ ಹೋದೆವು. ಗೋಡೆಗಳನ್ನು ನೆಲಕ್ಕೆ ಮಲಗಿಸಿದೆವು. ಒಂದು ಬಕೆಟ್ಟಿನಲ್ಲಿ ತೆಳ್ಳಗೆ ಕಿತ್ತಳೆ ಕಂದು, ಇನ್ನೊಂದರಲ್ಲಿ ತೆಳ್ಳಗೆ ನೀಲಿ ಹಸಿರು, ಮೂರನೆಯದರಲ್ಲಿ ಹಾಲಿನ ಬಿಳಿ. ಕಸಬರಿಗೆ ಅದ್ದಿ, ಅಂಗೈಗೆ ಬಡಿದು ಹನಿ ಚಿಮುಕಿಸುವುದು. ಮೊದಲು ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಹತ್ತಿರದಿಂದ ನೋಡಿದರೆ ಬರೀ ಚುಕ್ಕೆ. ಎಂಟು ದಿನದ ನನ್ನ ನಾಜೂಕು ಕೆಲಸದ ಮೇಲೆ ಚುಕ್ಕೆ ಬೀಳುವುದನ್ನು ನೋಡುವುದು ಕಷ್ಟವಾಯಿತು, ನಿಜ. ಆದರೆ ಅದರ ಕಾರಣ ತಿಳಿದ ಮೇಲೆ ಖುಷಿಯೇ ಜಾಸ್ತಿ. ಹಳದಿ ದೀಪ ಬಿದ್ದಾಗ ಕಿತ್ತಳೆ ಚುಕ್ಕೆ ಬೆಳಗುತ್ತವೆ, ನೀಲಿ ಚುಕ್ಕೆ ಕಪ್ಪಾಗಿ ಕಲ್ಲಿನ ತೂತುಗಳಂತೆ ಕಾಣುತ್ತವೆ. ನೀಲಿ ದೀಪ ಹಾಕಿದರೆ ಇದೇ ತಿರುವು ಮುರುವು. ಯಾವ ದೀಪ ಬಂದರೂ ಕಲ್ಲಿನ ಒರಟು ಉಳಿಯುತ್ತದೆ. ದೂರದಿಂದ ಎರಡೂ ಬೆರೆತು ಬೂದಿಯಾಗುತ್ತದೆ, ಆದರೆ ಸತ್ತ ಬೂದಿ ಅಲ್ಲ.

ಬಿರುಕುಗಳನ್ನು ಮೂರು ಬೆರಳಗಲ ಮಾಡಿಸಿದರು. ನಾನು ಅರ್ಧ ಬೆರಳಗಲ ಬರೆದಿದ್ದೆ. ಪ್ರತಿ ಬಿರುಕಿನ ಒಂದು ಬದಿಗೆ, ಬೆಳಕು ಬರುವ ದಿಕ್ಕಿಗೆ, ದಪ್ಪ ಬಿಳಿ ಗೆರೆ. ದೀಪದ ಜಾಗವನ್ನೂ ಬದಲಿಸಿದೆವು. ಎದುರಿನ ದೀಪ ಕಡಿಮೆ ಮಾಡಿ, ಪಕ್ಕದಿಂದ ಒಂದು ದೀಪ ಗೋಡೆಯನ್ನು ಸವರಿಕೊಂಡು ಹೋಗುವ ಹಾಗೆ ಇಟ್ಟೆವು. ಗೋಣಿಯ ಮಡಿಕೆಗಳಿಗೆ ಆಗ ಜೀವ ಬಂತು. ಹ್ಯಾಲೊಜೆನ್ ದೀಪವನ್ನು ಗೋಣಿಯಿಂದ ಐದಾರು ಅಡಿ ದೂರವೇ ಇಟ್ಟೆವು, ಪಕ್ಕದಲ್ಲಿ ಎರಡು ಬಕೆಟ್ ಮರಳು.

ನಾಟಕದ ದಿನ ನಾನು ಮತ್ತೆ ಕೊನೆಯ ಸಾಲಿನಲ್ಲಿ. ಪಕ್ಕದಲ್ಲಿ ಅಜ್ಜ, ಅವರ ಮೊಮ್ಮಗಳು. ಓಬವ್ವನಾಗಿದ್ದು ನನ್ನ ರೂಮಿನ ಗೆಳತಿ. ಅವಳ ಕೈಯಲ್ಲಿದ್ದ ಒನಕೆ ಪಿವಿಸಿ ಪೈಪು, ಮೇಲೆ ಕಾಗದ, ಬಣ್ಣ. ಏಟು ಬೀಳುತ್ತಿದ್ದದ್ದು ತಲೆಯ ಆಚೆ, ಬಂಡೆಯ ನೆರಳಿನಲ್ಲಿಟ್ಟ ಹತ್ತಿಯ ಮೂಟೆಗೆ. ಶಬ್ದಕ್ಕೆ ಮಾತ್ರ ಪರದೆ ಹಿಂದೆ ನಿಜವಾದ ಒನಕೆ, ಮರಳು ಚೀಲ. ಹೊಡೆಯುವವನಿಗೆ ಅವಳ ಮೊಣಕೈ ಕಾಣುವಷ್ಟು ಸಂದು ಬಿಟ್ಟಿದ್ದೆ, ಆದ್ದರಿಂದ ಒಂದು ಏಟೂ ತಪ್ಪಲಿಲ್ಲ.

ಮೊದಲ ತಲೆ ಕಿಂಡಿಯಲ್ಲಿ ಬಂತು. ಅವಳು ಒನಕೆ ಎತ್ತಿದಳು. ಕೆಂಪು ದೀಪ ಏರಿತು. ಬಿರುಕುಗಳೆಲ್ಲ ಕರ್ರಗೆ ಎದ್ದು ನಿಂತವು, ಇಡೀ ಬಂಡೆ ಬಾಯಿ ಬಿಟ್ಟ ಹಾಗೆ. ಹಾಲಿನಲ್ಲಿ ಒಂದು ಸದ್ದಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಮಗುವಿನ ತಲೆಯನ್ನು ಸೆರಗಿನೊಳಗೆ ಎಳೆದುಕೊಂಡರು. ಮೂರನೇ ಸೈನಿಕ ಬರುವ ಹೊತ್ತಿಗೆ ಅಜ್ಜ ನನ್ನ ಕಡೆ ಬಾಗಿ, ‘ಬಲಗಡೆ ಬಿರುಕು ಇನ್ನೊಂದು ಬೆರಳು ಬೇಕಾಗಿತ್ತು’ ಅಂದರು. ಮಾರನೇ ದಿನ ಎರಡನೇ ಪ್ರದರ್ಶನ ಇತ್ತು. ಬೆಳಿಗ್ಗೆ ಹೋಗಿ ಒಂದು ಬೆರಳು ಅಗಲ ಮಾಡಿದೆ.

ಆ ಚೌಕಟ್ಟುಗಳನ್ನು ನಾವು ಒಡೆಯಲಿಲ್ಲ. ಮುಂದಿನ ವರ್ಷದ ಜೂನಿಯರ್‌ಗಳು ಸುಣ್ಣ ಬಳಿದು ಒಂದು ಹಳ್ಳಿ ಮನೆ ಮಾಡಿಕೊಂಡರು. ನೋಡಲು ಹೋಗಿದ್ದೆ. ಕಿಂಡಿಯನ್ನು ಮುಚ್ಚದೆ ಕಿಟಕಿ ಮಾಡಿದ್ದರು. ಬ್ರೇಕಿನಲ್ಲಿ ಹತ್ತಿರ ಹೋಗಿ ಕಟ್ಟು ಸವರಿ ನೋಡಿದೆ. ಬಟ್ಟೆ ಹಾಗೇ ಇತ್ತು, ಒಂದು ಮೊಳೆಯೂ ಕೈಗೆ ತಾಗಲಿಲ್ಲ.