ಉಪ್ಪುನೀರಿಗೆ ಇಳಿಯುವ ಬ್ರೇಕು

ಗೋವಾದ ವಾಸ್ಕೋದಲ್ಲಿ ನಮ್ಮದೊಂದು 19 ಅಡಿಯ ಫೈಬರ್ ಬೋಟ್ ಇದೆ. ಸೀಸನ್ ಶುರುವಾದಾಗ ಟ್ರೇಲರ್ ಮೇಲೆ ಹೇರಿಕೊಂಡು ಕರ್ಮಲ್ ಘಾಟ್ ದಾಟಿ ಕಾಣಕೋಣಕ್ಕೆ ಒಯ್ಯುತ್ತೇವೆ. ಇಂಜಿನ್, ಪೆಟ್ರೋಲ್, ಟ್ರೇಲರ್ ಎಲ್ಲ ಸೇರಿ ಸುಮಾರು 1,500 ಕೆಜಿ.

ಮೂರು ವರ್ಷದ ಹಿಂದೆ ಆ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದೆ. ಜೀಪು ನಿಧಾನವಾಯಿತು, ಟ್ರೇಲರ್ ಮಾತ್ರ ಎಡಕ್ಕೆ ಜಗ್ಗಿತು. ಪಕ್ಕಕ್ಕೆ ಹಾಕಿ ನೋಡಿದರೆ ಎಡಗಾಲಿ ಮುಟ್ಟೋಕಾಗದಷ್ಟು ಬಿಸಿ, ಬಲಗಾಲಿ ತಣ್ಣಗೆ. ಇಷ್ಟು ದಿನ ಒಂದೇ ಗಾಲಿ ದುಡಿದಿತ್ತು ಅಷ್ಟೇ. ಮಡಗಾಂವ್‌ನ ಗ್ಯಾರೇಜಿನಲ್ಲಿ ಬಲಗಡೆ ಬ್ರೇಕ್ ಡ್ರಮ್ ಬಿಚ್ಚಿಸಿ ಸುತ್ತಿಗೆಯಿಂದ ತಟ್ಟಿದರೆ ಒಂದು ಬೊಗಸೆ ಮರಳು, ತುಕ್ಕಿನ ಚಕ್ಕೆ ಉದುರಿತು. ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸುವ ಲೈನರ್, ತನ್ನನ್ನು ಹೊತ್ತ ಶೂ ಬಿಟ್ಟು ಎದ್ದಿತ್ತು. ಶೂ ತಳ್ಳುವ ಸಿಲಿಂಡರ್ ಜಾಮ್.

ಡ್ರಮ್ ಕೆಟ್ಟದ್ದಲ್ಲ. ಆದರೆ ಬೋಟ್ ಇಳಿಸುವಾಗ ಟ್ರೇಲರ್ ಗಾಲಿಯೂ ಸಮುದ್ರಕ್ಕೆ ಇಳಿಯುತ್ತೆ, ಒಳಗೆ ಹೊಕ್ಕ ಉಪ್ಪುನೀರು, ಮರಳು ಸಲೀಸಾಗಿ ಹೊರಗೆ ಬರಲ್ಲ. ಡಿಸ್ಕ್ ಬ್ರೇಕ್ ಆದರೆ ಕಣ್ಣಿಗೆ ಕಾಣುತ್ತೆ, ಪೈಪ್ ಹಿಡಿದು ತೊಳೆಯಬಹುದು. ಎಲೆಕ್ಟ್ರಿಕ್ ಬ್ರೇಕ್ ಹಾಕಿಸು ಅಂತಲೂ ಒಬ್ಬರು ಅಂದರು. ಮ್ಯಾಗ್ನೆಟ್, ವೈರು ಎಲ್ಲ ಗಾಲಿಯೊಳಗೇ ಇರುತ್ತೆ. ಅದನ್ನು ಸಮುದ್ರಕ್ಕೆ ಅದ್ದೋದಾ? ಬೇಡ ಅಂದೆ.

ಡಿಸ್ಕ್ ಹಾಕಿಸಿ, ಜೀಪಿಗೂ ಟ್ರೇಲರಿಗೂ ನಡುವೆ ಒತ್ತಿದರೆ ಬ್ರೇಕ್ ಹಿಡಿಯುವ ಕಪ್ಲಿಂಗ್ (ಕೊಂಡಿ) ಇಟ್ಟುಕೊಂಡೆ. ಜೀಪು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತೆ. ಆ ನೂಕಿಗೆ ಕಪ್ಲಿಂಗ್ ಒಳಗೆ ಜಾರಿ ಮಾಸ್ಟರ್ ಸಿಲಿಂಡರ್ ಒತ್ತುತ್ತೆ, ಬ್ರೇಕ್ ಹಿಡಿಯುತ್ತೆ. ತೊಂದರೆ ರಿವರ್ಸಿನಲ್ಲಿ. ನೀರಿಗೆ ಇಳಿಯುವ ಇಳಿಜಾರು ರ‍್ಯಾಂಪಿಗೆ ಹಿಂದೆ ತಳ್ಳಿದರೂ ಕಪ್ಲಿಂಗ್ ಒತ್ತಿಕೊಂಡು ಬ್ರೇಕ್ ಹಿಡಿದುಬಿಡುತ್ತೆ. ಅದಕ್ಕೆ ರಿವರ್ಸ್ ಲೈಟಿನ ವೈರಿಗೆ ಒಂದು ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಜೋಡಿಸಿದೆವು. ರಿವರ್ಸ್ ಗೇರ್ ಬಿದ್ದ ತಕ್ಷಣ ಅದು ಬ್ರೇಕ್ ಆಯಿಲ್ ದಾರಿ ಮುಚ್ಚುತ್ತೆ, ಬ್ರೇಕ್ ಹಿಡಿಯಲ್ಲ. ಲೈಟು ಸುಟ್ಟುಹೋದೀತು ಅಂತ ನೀರಿಗೆ ಇಳಿಸುವ ಮುಂಚೆ ಜೀಪಿಗೆ ಸಿಕ್ಕಿಸಿದ ಟ್ರೇಲರ್ ವೈರಿನ ಪ್ಲಗ್ ಕೀಳುವುದು ನಮ್ಮ ಹುಡುಗರ ಹಳೇ ರೂಢಿ. ಕಿತ್ತರೆ ಸೊಲೆನಾಯ್ಡ್ ಸತ್ತಂಗೇ. ಆಮೇಲೆ ನೀರು ಹೊಗದ ಎಲ್‌ಇಡಿ ಲೈಟ್ ಹಾಕಿಸಿದೆ, ಪ್ಲಗ್ ಹಾಗೇ ಇರುತ್ತೆ.

ದೂರದಿಂದ ಬಂದ ಕೂಡಲೇ ಬೋಟ್ ಇಳಿಸಲ್ಲ. ಹಬ್ (ಗಾಲಿಯ ನಡುಭಾಗ) ಬಿಸಿ ಇರುವಾಗ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ, ಬೇರಿಂಗಿನ ಗ್ರೀಸ್ ಕೆಡುತ್ತೆ. ಹುಡುಗರು "ಅಣ್ಣಾ, ನೀರು ಇಳೀತಾ ಇದೆ, ಬೇಗ" ಅಂತಾರೆ. ಇರಲಿ, ಒಂದು ಚಹಾ ಕುಡಿಯೋಣ ಅಂತ ಹೋಗುತ್ತೇನೆ. ಬೋಟ್ ಎತ್ತಿದ ಮೇಲೆ ಸಿಹಿನೀರಲ್ಲಿ ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್, ಕಪ್ಲಿಂಗ್ ತೊಳೆಯದೆ ಮನೆಗೆ ಹೋಗಲ್ಲ. ಸುಮ್ನೆ ಬಕೆಟ್ ಎರಚಿದರೆ ಸಾಲದು, ಕ್ಯಾಲಿಪರ್ ಹಿಂಬದಿಗೂ ಪೈಪ್ ಹಿಡೀಬೇಕು.

ಮಳೆಗಾಲಕ್ಕೆ ಬೋಟ್ ಶೆಡ್ಡಿಗೆ ಹೋಗುತ್ತೆ. ಟ್ರೇಲರಿನ ಹ್ಯಾಂಡ್‌ಬ್ರೇಕ್ ಎಳೆಯಲ್ಲ, ಎಳೆದಿಟ್ಟರೆ ನಾಲ್ಕು ತಿಂಗಳಲ್ಲಿ ಕಚ್ಚಿಕೊಳ್ಳುತ್ತೆ. ಗಾಲಿಗೆ ಮರದ ತುಂಡು ಕೊಟ್ಟರೆ ಸಾಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಗೋವಾದ ಮಳೆ ಅಂದರೆ ಗೊತ್ತಲ್ವಾ? ಹಾಗಾಗಿ ಪ್ರತಿ ಸೆಪ್ಟೆಂಬರಿಗೆ ಹಳೇದು ಚೆಲ್ಲಿ, ಹೊಸದು ತುಂಬಿ, ಬ್ಲೀಡ್ ಮಾಡಿಸುತ್ತೇನೆ, ಅಂದರೆ ಪೈಪಿನೊಳಗಿನ ಗಾಳಿ ತೆಗೆಸುತ್ತೇನೆ.

ಈ ಸಲ ಜಾಕ್ ಕೊಟ್ಟು ಗಾಲಿ ಕೈಯಲ್ಲಿ ತಿರುಗಿಸಿದೆ. ಬಲಗಡೆ ಸರಾಗ. ಎಡಗಡೆ ಒಂದು ಕಡೆ ಮಾತ್ರ ಸರ್ ಅಂತ ಉಜ್ಜುತ್ತಿತ್ತು. ಕ್ಯಾಲಿಪರ್ ಜಾರುವ ಪಿನ್ ಒಣಗಿತ್ತು. ಒರೆಸಿ ಸಿಲಿಕಾನ್ ಗ್ರೀಸ್ ಹಚ್ಚಿದೆ. ಆ ಸದ್ದು ನಿಂತಿತು.