ಹಳೆಯ ಜಲವಿದ್ಯುತ್ ಘಟಕಗಳ ಸಾಮರ್ಥ್ಯ ಹೆಚ್ಚಿಸಿದ ಬಗೆ: ನನ್ನ ಅನುಭವ

ಅಭಿವೃದ್ಧಿಶೀಲ ದೇಶಗಳಲ್ಲಿ ವಿದ್ಯುತ್ ಉತ್ಪಾದನೆ ಹೆಚ್ಚಿಸುವ ಮಾತು ಬಂದಾಗಲೆಲ್ಲ ಚರ್ಚೆ ಹೊಸ ಸ್ಥಾವರಗಳ ಕಡೆಗೇ ಹೊರಳುತ್ತದೆ. ಜಲವಿದ್ಯುದಾಗಾರವೊಂದರ ನವೀಕರಣದ ಹೊಣೆ ಹೊತ್ತಿದ್ದ ನಾನು, ದಶಕಗಳಿಂದ ದುಡಿದಿದ್ದ ಘಟಕಗಳಿಂದಲೇ ಹೆಚ್ಚುವರಿ ಮೆಗಾವಾಟ್ ಪಡೆಯುವ ದಾರಿ ಹಿಡಿದೆ; ಇದರಲ್ಲಿ ಭೂಸ್ವಾಧೀನವೂ ಇಲ್ಲ, ಮುಳುಗಡೆಯೂ ಇಲ್ಲ.

ಜನರೇಟರಿನ ಸ್ಟೇಟರ್ (ತಿರುಗದ ಭಾಗ) ವೈಂಡಿಂಗಿಗೆ, ಅಂದರೆ ಅದರ ತಾಮ್ರದ ಸುರುಳಿಗಳಿಗೆ, ಬಿಟುಮೆನ್ ಮತ್ತು ಮೈಕಾದ ದಪ್ಪ ಇನ್ಸುಲೇಷನ್ (ವಿದ್ಯುತ್ ನಿರೋಧಕ ಹೊದಿಕೆ) ಇತ್ತು. ಅದು 130 ಡಿಗ್ರಿ ಸೆಲ್ಸಿಯಸ್ ತಡೆಯುವ 'ಬಿ' ವರ್ಗದ್ದು. 155 ಡಿಗ್ರಿ ತಡೆಯುವ 'ಎಫ್' ವರ್ಗದ ಎಪಾಕ್ಸಿ ಮೈಕಾ ಇನ್ನೂ ತೆಳುವಾಗಿರುವುದರಿಂದ, ಸುರುಳಿ ಕೂರುವ ಅದೇ ಸ್ಲಾಟಿನಲ್ಲಿ (ಸೀಳಿನಲ್ಲಿ) ಹೆಚ್ಚು ತಾಮ್ರ ಹಿಡಿಯುತ್ತದೆ, ಹೆಚ್ಚು ಕರೆಂಟ್ ಹರಿಯುತ್ತದೆ. ಆದರೂ ತಾಪಮಾನದ ಏರಿಕೆಯನ್ನು 'ಬಿ' ವರ್ಗದ ಮಿತಿಯೊಳಗೇ ಇರಿಸಿದೆವು, ಏಕೆಂದರೆ ವೈಂಡಿಂಗಿನ ಆಯುಷ್ಯ ಉಳಿಯುವುದು ಈ ಅಂತರದಲ್ಲೇ.

ಹೊಸ ವೈಂಡಿಂಗ್ ಕೂರಿಸುವ ಮೊದಲು ಸ್ಟೇಟರಿನ ಕೋರ್ (ತೆಳು ಉಕ್ಕಿನ ತಗಡುಗಳನ್ನು ಜೋಡಿಸಿದ ತಿರುಳು) ಗಟ್ಟಿಯಾಗಿದೆಯೇ ಎಂದು ತಿಳಿಯಲೇಬೇಕು. ಬರಿದಾದ ಕೋರಿಗೆ ಕೇಬಲ್ ಸುತ್ತಿ, ಕರೆಂಟ್ ಹರಿಸಿ, ಕೆಲಸದ ಮಟ್ಟಕ್ಕೆ ಸಮೀಪದ ಕಾಂತಪ್ರವಾಹವನ್ನು ಉಂಟುಮಾಡಿ, ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ, ತಗಡುಗಳ ನಡುವಿನ ವಾರ್ನಿಷ್ ಸವೆದು ಅವು ಒಂದಕ್ಕೊಂದು ತಾಗಿರುವ ಕಡೆಗಳು ಸುತ್ತಲಿನ ಭಾಗಕ್ಕಿಂತ ಬಿಸಿಯಾಗಿ ಎದ್ದು ಕಾಣುತ್ತವೆ. ಖರ್ಚು ಉಳಿಸಲು ಈ ಪರೀಕ್ಷೆಯನ್ನು ಕೈಬಿಡಿ ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ.

ಟರ್ಬೈನಿನ ಹಳೆಯ ರನ್ನರ್ (ನೀರಿನ ರಭಸಕ್ಕೆ ತಿರುಗುವ ಚಕ್ರ) ಕ್ಯಾವಿಟೇಷನ್‌ನಿಂದ, ಅಂದರೆ ನೀರಿನ ಗುಳ್ಳೆಗಳು ಒಡೆದು ಲೋಹ ಕೊರೆಯುವುದರಿಂದ, ತೂತು ತೂತಾಗಿ, ಪ್ರತಿ ಓವರ್‌ಹಾಲ್‌ನಲ್ಲಿ ವೆಲ್ಡಿಂಗ್ ಮಾಡಿಸಿಕೊಂಡು ಬ್ಲೇಡುಗಳ ಮೂಲ ಆಕಾರವನ್ನೇ ಕಳೆದುಕೊಂಡಿತ್ತು. ಅದರ ಬದಲು 13 ಶೇಕಡಾ ಕ್ರೋಮಿಯಂ, 4 ಶೇಕಡಾ ನಿಕಲ್ ಇರುವ ಸ್ಟೇನ್‌ಲೆಸ್ ಸ್ಟೀಲ್ ರನ್ನರ್ ಹಾಕಿದೆವು.

ಹೆಚ್ಚು ತಲೆಕೆಡಿಸಿದ್ದು ಪೆನ್‌ಸ್ಟಾಕ್, ಅಂದರೆ ಟರ್ಬೈನಿಗೆ ನೀರು ತರುವ ದೊಡ್ಡ ಕೊಳವೆ. ಪೂರ್ಣ ಲೋಡಿನಲ್ಲಿರುವ ಘಟಕ ಗ್ರಿಡ್‌ನಿಂದ ಕಳಚಿಕೊಂಡಾಗ ಗೈಡ್ ವೇನ್‌ಗಳನ್ನು (ಟರ್ಬೈನಿಗೆ ನೀರು ಬಿಡುವ ಬಾಗಿಲಿನಂಥ ರೆಕ್ಕೆಗಳನ್ನು) ಬೇಗ ಮುಚ್ಚಿದರೆ ನೀರಿನ ಒತ್ತಡ ಏರುತ್ತದೆ, ನಿಧಾನವಾಗಿ ಮುಚ್ಚಿದರೆ ಯಂತ್ರದ ವೇಗ ಏರುತ್ತದೆ. ಹರಿವು ಹೆಚ್ಚಿದಷ್ಟೂ ಈ ಎರಡರ ನಡುವಿನ ಅವಕಾಶ ಕಿರಿದಾಗುತ್ತದೆ. ಪೆನ್‌ಸ್ಟಾಕಿನ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆದು, ಯಂತ್ರದ ವೇಗ ನಿಯಂತ್ರಿಸುವ ಗವರ್ನರಿನಲ್ಲಿ ಮುಚ್ಚುವ ಅವಧಿಯನ್ನು ಹೊಂದಿಸಿ, 25, 50, 75 ಮತ್ತು 100 ಶೇಕಡಾ ಲೋಡಿನಲ್ಲಿ ಕ್ರಮವಾಗಿ ಪರೀಕ್ಷಿಸಿದ ಬಳಿಕವಷ್ಟೇ ಹೊಸ ಸಾಮರ್ಥ್ಯವನ್ನು ದೃಢಪಡಿಸಿದೆವು. ಟ್ರಾನ್ಸ್‌ಫಾರ್ಮರ್ ಮತ್ತು ಬ್ರೇಕರ್‌ಗಳೂ ಹೆಚ್ಚುವರಿ ಹೊರೆ ತಾಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಣಕಾಸಿನವರಿಗೆ ಒಂದು ವಿಷಯವನ್ನು ಮೊದಲೇ ಬಿಡಿಸಿ ಹೇಳಿದ್ದೆ: ಜಲಾಶಯಕ್ಕೆ ಬರುವ ನೀರು ಅಷ್ಟೇ ಇರುವುದರಿಂದ ಮೆಗಾವಾಟ್ ಹೆಚ್ಚಿದ ಪ್ರಮಾಣದಲ್ಲಿ ವಾರ್ಷಿಕ ಯೂನಿಟ್‌ಗಳು ಹೆಚ್ಚುವುದಿಲ್ಲ. ದಕ್ಷತೆಯಿಂದ ಸಿಗುವಷ್ಟು ಮತ್ತು ಮಳೆಗಾಲದಲ್ಲಿ ಕೋಡಿಯ ಮೇಲೆ ವ್ಯರ್ಥವಾಗಿ ಹರಿಯುವ ನೀರನ್ನು ಬಳಸಿಕೊಂಡಷ್ಟು ಮಾತ್ರ ಹೆಚ್ಚಳ. ಉಳಿದ ಲಾಭವೆಲ್ಲ ಸಂಜೆಯ ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಸಿಗುವ ಹೆಚ್ಚುವರಿ ಮೆಗಾವಾಟ್‌ಗಳದ್ದು.