ಜರ್ಮನಿಗೆ ಹೊರಡುವ ಮೊದಲು: ಕನ್ನಡ ಹಿಡಿದು ಜರ್ಮನ್ ಕಲಿಯುವ ಬಗೆ

ಜರ್ಮನಿಯಲ್ಲಿ ನಾನು ಓದುತ್ತಿರುವ ಊರು ಟ್ಯೂಬಿಂಗೆನ್. ಅಲ್ಲಿ ನನಗೆ ಸಿಗಬೇಕಿದ್ದ ಮೊದಲ ಕೋಣೆ ಒಂದು ಪದದಿಂದ ಕೈತಪ್ಪಿತು. ಮನೆಯೊಡತಿ ಫೋನಿನಲ್ಲಿ ‘ಹಲ್ಪ್ ಫೀರ್’ಗೆ ಬನ್ನಿ ಎಂದರು. ‘ಹಲ್ಪ್’ ಎಂದರೆ ಅರ್ಧ, ‘ಫೀರ್’ ಎಂದರೆ ನಾಲ್ಕು. ನಾಲ್ಕೂವರೆ ಎಂದುಕೊಂಡು ಐದು ನಿಮಿಷ ಮೊದಲೇ ಹೋಗಿ ಬಾಗಿಲ ಮುಂದೆ ನಿಂತೆ. ಅವರು ಹೇಳಿದ್ದು ಮೂರೂವರೆ. ನಾಲ್ಕರ ಕಡೆಗೆ ಅರ್ಧ ಗಂಟೆ ಸಾಗಿದೆ ಎಂಬುದು ಜರ್ಮನ್ನರ ಲೆಕ್ಕ. ಅಷ್ಟರಲ್ಲಿ ಕೋಣೆ ಬೇರೊಬ್ಬರ ಪಾಲಾಗಿತ್ತು. ಮುಂದಿನ ಐದು ವಾರ ಗೆಳತಿಯ ಕೋಣೆಯ ನೆಲವೇ ನನ್ನ ಹಾಸಿಗೆ.

‘ಕೋರ್ಸ್ ಇಂಗ್ಲಿಷಿನಲ್ಲಿದೆ, ಜರ್ಮನ್ ಯಾಕೆ ಬೇಕು’ ಎಂದು ಮೈಸೂರಿನಲ್ಲಿ ನನಗೆ ಎಲ್ಲರೂ ಹೇಳಿದ್ದರು. ತರಗತಿಯ ಮಟ್ಟಿಗೆ ಅದು ನಿಜ. ನಾನು ಓದುತ್ತಿರುವ ಅಂತರ್ಜಲದ ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತವೆ. ಆದರೆ ಕೋಣೆ, ವೈದ್ಯರು, ನೋಂದಣಿ ಕಚೇರಿ, ಮೆಟ್ಟಿಲಲ್ಲಿ ಸಿಗುವ ನೆರೆಯವರು, ಇವರೆಲ್ಲ ಜರ್ಮನ್‌ನಲ್ಲಿದ್ದಾರೆ. ರಜೆಗೆ ಪಾಂಡವಪುರಕ್ಕೆ ಬಂದಿರುವ ಈ ದಿನಗಳಲ್ಲಿ ಮನೆಗೆ ಬಂದು ವಿಚಾರಿಸುವ ತಂಗಿಯರಿಗೂ ತಮ್ಮಂದಿರಿಗೂ ಹೇಳುವ ಮೊದಲ ಮಾತು ಇದೇ: ಕಾಗದಪತ್ರ ಜೋಡಿಸುವುದಕ್ಕಿಂತ ಎಂಟು ತಿಂಗಳು ಮೊದಲು ಭಾಷೆ ಶುರು ಮಾಡಿ, ಅದನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ.

ನಾನು ಸೇರಿದ್ದ ತರಬೇತಿ ಕೇಂದ್ರದಲ್ಲಿ ಪ್ರತಿ ಜರ್ಮನ್ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸಿ ವಿವರಿಸುತ್ತಿದ್ದರು. ಎರಡು ತಿಂಗಳು ಏನೂ ತಲೆಗೆ ಹತ್ತಲಿಲ್ಲ. ಒಂದು ದಿನ ಮೈಸೂರಿಗೆ ಹೋಗುವ ರೈಲಿನಲ್ಲಿ, ಶ್ರೀರಂಗಪಟ್ಟಣದ ಸೇತುವೆ ದಾಟುವಾಗ, ‘ಮೀರ್ ಇಸ್ಟ್ ಕಲ್ಟ್’ ಎಂಬ ವಾಕ್ಯ ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ‘ನಾನು ಚಳಿ’ ಎಂಬಂತೆ ಹೇಳುತ್ತಾರೆ. ಜರ್ಮನ್‌ನಲ್ಲಿ ‘ಮೀರ್’ ಎಂದರೆ ನನಗೆ. ನನಗೆ ಚಳಿ! ನಮ್ಮ ಚತುರ್ಥಿ ವಿಭಕ್ತಿ ಅಲ್ಲಿ ಕುಳಿತಿತ್ತು. ‘ನಾನು’ ಎಂಬ ಅರ್ಥದ ‘ಇಶ್’ ಹಾಕಿ ಹೇಳಿದರೆ ನೀವು ಭಾವವಿಲ್ಲದ ಮನುಷ್ಯ ಎಂಬ ಅರ್ಥ ಬಂದೀತು. ಇಂಗ್ಲಿಷಿನಿಂದ ಬಂದವರು ಈ ತಪ್ಪು ಮಾಡುತ್ತಾರೆ. ಕನ್ನಡದಿಂದ ಬಂದವರು ಮಾಡಬೇಕಾಗಿಯೇ ಇಲ್ಲ. ಊರು ನನಗೆ ಇಷ್ಟವಾಯಿತು, ನನಗೆ ತಲೆ ಸುತ್ತುತ್ತಿದೆ, ಇವೆಲ್ಲ ಅಲ್ಲಿಯೂ ‘ನನಗೆ’ಯೇ.

ಅಂದಿನಿಂದ ಒಂದು ನೋಟ್‌ಪುಸ್ತಕ ಇಟ್ಟೆ, ನೀವೂ ಇಡಿ. ಎಡಗಡೆ ಜರ್ಮನ್ ವಾಕ್ಯ, ಬಲಗಡೆ ಕನ್ನಡ, ನಡುವೆ ಇಂಗ್ಲಿಷ್ ಬೇಡ. ಪ್ರತಿ ನಾಮಪದದ ಕೆಳಗೆ ನಮ್ಮ ಪ್ರತ್ಯಯ ಬರೆಯಿರಿ. ‘ಡೇಮ್ ಕಿಂಟ್ ಡೇನ್ ಬಲ್’ ಎಂಬುದರ ಕೆಳಗೆ ‘ಮಗುವಿಗೆ ಚೆಂಡನ್ನು’ ಎಂದು ಬರೆದರೆ ‘ಡೇಮ್’ ಎಂದರೆ ‘ಗೆ’, ‘ಡೇನ್’ ಎಂದರೆ ‘ಅನ್ನು’ ಎಂಬುದು ತಾನಾಗಿ ಕಾಣುತ್ತದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿ ಇಲ್ಲಿ ಕೈಹಿಡಿಯುತ್ತವೆ. ನಮ್ಮ ತೃತೀಯಾ, ಪಂಚಮಿ, ಸಪ್ತಮಿಗಳಿಗೆ ಅಲ್ಲಿ ಬೇರೆ ರೂಪವಿಲ್ಲ. ‘ಜೊತೆ’ ಎಂಬ ಅರ್ಥದ ‘ಮಿಟ್’, ‘ಒಳಗಿನಿಂದ’ ಎಂಬ ಅರ್ಥದ ‘ಔಸ್’ ಮುಂತಾದ ಪದಗಳು ಚತುರ್ಥಿಯನ್ನೇ ಕರೆದುಕೊಳ್ಳುತ್ತವೆ. ಆ ಪದಗಳ ಪಟ್ಟಿ ಮಾತ್ರ ಬಾಯಿಪಾಠವೇ ಆಗಬೇಕು.

ಕ್ರಿಯಾಪದದ ವಿಷಯದಲ್ಲಿ ನನಗಾದ ಸಂತೋಷ ಇನ್ನೂ ದೊಡ್ಡದು. ‘ಇಶ್ ವೈಸ್, ಡಸ್ ಎರ್ ಹೊಯ್ಟೆ ಕೊಮ್ಟ್’. ‘ಇಶ್ ವೈಸ್’ ಎಂದರೆ ನನಗೆ ಗೊತ್ತು. ಅಲ್ಪವಿರಾಮದ ನಂತರದ ಭಾಗ ನೋಡಿ: ‘ಡಸ್’ ಎಂಬುದು ನಮ್ಮ ‘ಎಂದು’, ಉಳಿದದ್ದು ‘ಅವನು ಇವತ್ತು ಬರುತ್ತಾನೆ’, ಪದಕ್ಕೆ ಪದ ಅದೇ ಕ್ರಮ. ಕ್ರಿಯಾಪದವನ್ನು ಕೊನೆಯವರೆಗೆ ಕಾಯುವ ಅಭ್ಯಾಸ ನಮ್ಮ ಕಿವಿಗೆ ಹುಟ್ಟಿನಿಂದ ಇದೆ. ನನ್ನ ತರಗತಿಯ ಸ್ಪೇನಿನ ಗೆಳತಿ ಇದಕ್ಕಾಗಿ ಒಂದು ಸೆಮಿಸ್ಟರ್ ಒದ್ದಾಡಿದಳು. ‘ದು’ ಎಂದರೆ ನೀನು, ‘ಜೀ’ ಎಂದರೆ ನೀವು. ಎಲ್ಲಿ ಯಾವುದು ಎಂದು ನಮಗೆ ಬಹುಮಟ್ಟಿಗೆ ಗೊತ್ತು. ಮನೆಯೊಡತಿಗೂ ಪ್ರಾಧ್ಯಾಪಕರಿಗೂ ‘ಜೀ’, ಸಹಪಾಠಿಗಳಿಗೆ ಮೊದಲ ದಿನದಿಂದಲೇ ‘ದು’.

ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ನಮ್ಮ ಹ್ರಸ್ವ ದೀರ್ಘ ಅಲ್ಲಿ ಅರ್ಥವನ್ನೇ ಬದಲಿಸುತ್ತದೆ: ‘ಶ್ಟಟ್’ ಎಂದರೆ ನಗರ, ‘ಶ್ಟಾಟ್’ ಎಂದರೆ ರಾಷ್ಟ್ರ. ಎರಡು ಚುಕ್ಕಿಯ ಯು ಅಕ್ಷರಕ್ಕೆ ತುಟಿಯನ್ನು ‘ಊ’ ಎನ್ನುವಂತೆ ಚೂಪು ಮಾಡಿ ಒಳಗೆ ‘ಈ’ ಎನ್ನಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುತ್ತಾ ಇದನ್ನೇ ಅಭ್ಯಾಸ ಮಾಡಿದೆ. ಜನ ತಿರುಗಿ ನೋಡುತ್ತಾರೆ, ನೋಡಲಿ.

ಕನ್ನಡ ಕೈಕೊಡುವುದು ಮುಖ್ಯವಾಗಿ ಎರಡು ಕಡೆ. ಒಂದು ಲಿಂಗ. ಊಟದ ಮೇಜಿನ ಮೇಲಿನ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ನಮಗೆ ಮೂರೂ ‘ಅದು’. ಕಾರಣ ಹುಡುಕುತ್ತಾ ಹೊತ್ತು ಕಳೆಯದೆ, ಪುಲ್ಲಿಂಗಕ್ಕೆ ‘ಡೇರ್’, ಸ್ತ್ರೀಲಿಂಗಕ್ಕೆ ‘ಡೀ’, ನಪುಂಸಕಕ್ಕೆ ‘ಡಸ್’ (ಹಿಂದೆ ಹೇಳಿದ ‘ಎಂದು’ ಅಲ್ಲ, ಉಚ್ಚಾರ ಮಾತ್ರ ಒಂದೇ) ಸೇರಿಸಿಯೇ ಪದವನ್ನು ಕಲಿಯಿರಿ. ಇನ್ನೊಂದು ಎಣಿಕೆ. ಇಪ್ಪತ್ತೊಂದನ್ನು ಅವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಫೋನ್ ನಂಬರನ್ನು ಜೋಡಿಯಾಗಿ ಹೇಳಿದರೆ ಒಂದೊಂದೇ ಅಂಕಿ ಹೇಳಿ ಎಂದು ಕೇಳಿಕೊಳ್ಳಿ. ಗಂಟೆಯ ವಿಷಯ ಆಗಲೇ ಹೇಳಿದೆ. ಟ್ಯೂಬಿಂಗೆನ್ ಇರುವ ಶ್ವಾಬೆನ್ ಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ: ‘ಮುಕ್ಕಾಲು ಮೂರು’ ಎಂದರೆ ಅವರಿಗೆ ಎರಡೂಮುಕ್ಕಾಲು, ಮೂರೂಮುಕ್ಕಾಲು ಅಲ್ಲ. ಯಾರೇ ಸಮಯ ಹೇಳಿದರೂ ಅಂಕಿಯಲ್ಲಿ ಬರೆದು ತೋರಿಸಿ, ಒಪ್ಪಿಗೆ ಪಡೆಯಿರಿ. ಆ ಸೀಮೆಯ ಮಾತು ಪುಸ್ತಕದ ಜರ್ಮನ್‌ನಿಂದ ದೂರ. ‘ಅಲ್ಲ’ ಎಂಬ ಅರ್ಥದ ‘ನಿಶ್ಟ್’ ಅಲ್ಲಿ ‘ನೆಟ್’ ಆಗುತ್ತದೆ. ಪಠ್ಯಪುಸ್ತಕದ ಕನ್ನಡ ಕಲಿತವರು ಮಂಡ್ಯದ ಸಂತೆಗೆ ಬಂದರೆ ಆಗುವ ಅನುಭವವೇ ಅದು. ಎದೆಗುಂದಬೇಡಿ, ನಿಧಾನವಾಗಿ ಹೇಳಿ ಎಂದರೆ ಹೇಳುತ್ತಾರೆ.

ಇನ್ನು ಕಾಗದಪತ್ರ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುವುದು ಅದು. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಹಣವನ್ನು ಒಮ್ಮೆಲೇ ತೆಗೆಯಲಾಗದ ಖಾತೆಯಲ್ಲಿ, ಒಂದು ವರ್ಷದ ಖರ್ಚು ಇಡಬೇಕು: 2024ರ ಸೆಪ್ಟೆಂಬರ್‌ನಿಂದ 11,904 ಯೂರೊ, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಜರ್ಮನಿಯಲ್ಲಿ ಶುಲ್ಕವೇ ಇಲ್ಲ ಎಂದು ನಂಬಿ ಹೊರಡಬೇಡಿ. ಟ್ಯೂಬಿಂಗೆನ್ ಇರುವ ಬಾಡೆನ್ ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕೊಡಬೇಕು. ಎಲ್ಲಕ್ಕಿಂತ ಮೊದಲು ಹೆಸರು ನೋಡಿಕೊಳ್ಳಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಎರಡೂ ಒಬ್ಬರದೇ ಎಂಬ ಪ್ರಮಾಣಪತ್ರ ಮಾಡಿಸಲು ಮೂರು ವಾರ ಓಡಾಡಿದೆ. ಅಲ್ಲಿ ಕಚೇರಿಗಳಲ್ಲಿ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ಕಣ್ಣು ತುಂಬಿತು.

ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯರ ಸಹಿಯ ಪತ್ರ ಬೇಕು, ಬೀಗದ ಕೈ ಪಡೆಯುವಾಗಲೇ ಕೇಳಿ. ಬಾಗಿಲಿಗೆ ‘ಕೇರ್‌ವೊಖೆ’ ಎಂಬ ಫಲಕ ನೇತುಹಾಕಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ಶ್ರದ್ಧೆಯಿಂದ ಮಾಡಿ, ನೆರೆಯವರ ವಿಶ್ವಾಸ ಅಲ್ಲಿಂದಲೇ ಶುರುವಾಗುತ್ತದೆ. ಮೆಟ್ಟಿಲು ಒರೆಸುವಾಗ ಮಾತಿಗೆ ಸಿಕ್ಕ ಕೆಳಮನೆಯ ಅಜ್ಜಿಗೆ ನಾನು ಕಿಟೆಲ್ ಬಗ್ಗೆ ಹೇಳಿದೆ: 1894ರಲ್ಲಿ ನಮ್ಮ ನಿಘಂಟು ಹೊರತಂದವರು, 1903ರಲ್ಲಿ ಇದೇ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಅಜ್ಜಿಗೆ ಗೊತ್ತಿರಲಿಲ್ಲ. ಮರುದಿನ ಕರೆದು ಕೇಕ್ ಕೊಟ್ಟರು.

ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು, ಅಚ್ಚು ಬೆಲ್ಲ ಇರಲಿ. ತುಪ್ಪ, ಹಾಲಿನ ಸಿಹಿ, ಮಾಂಸ ಬೇಡ, ಯುರೋಪಿನ ಗಡಿಯಲ್ಲಿ ಅವಕ್ಕೆ ಪ್ರವೇಶವಿಲ್ಲ. ಹಸಿ ಕರಿಬೇವನ್ನೂ ಬಿಟ್ಟು ಹೋಗಿ. ತೆಂಗಿನಕಾಯಿಗೆ ವಿನಾಯಿತಿ ಇದೆ.

ಮನೆಗೆ ಫೋನ್ ಮಾಡುವ ಹೊತ್ತನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಿಸುತ್ತಾರೆ. ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅವ್ವ ಮಲಗುವುದು ರಾತ್ರಿ ಒಂಬತ್ತಕ್ಕೆ. ಡಿಸೆಂಬರ್‌ನಲ್ಲಿ ಅದು ಟ್ಯೂಬಿಂಗೆನ್‌ನ ‘ಹಲ್ಪ್ ಫ್ಯುನ್ಫ್’, ಅಂದರೆ ನಾಲ್ಕೂವರೆ, ಸೂರ್ಯ ಮುಳುಗುವ ಹೊತ್ತು. ಆ ಹೊತ್ತಿಗೆ ಪ್ರಯೋಗಾಲಯದ ಕೆಲಸ ಇಟ್ಟುಕೊಳ್ಳಬೇಡಿ.